ಒಡೆದ ಬಳೆಗಳ ಊರು

ಕೇದಾರೇಶ್ವರನ ದರ್ಶನವನ್ನು ಮುಗಿಸಿಕೊಂಡು, ಊಖೀಮಠದಲ್ಲಿ ಒಂದಿರುಳು ತಂಗಿ, ಹರಿದ್ವಾರಕ್ಕೆ ಇಳಿದು ಬಂದಾಗ ನಮ್ಮ ಯಾತ್ರೆಯಲ್ಲಿ ಇನ್ನೂ ಎರಡು ದಿನಗಳು ಉಳಿದಿದ್ದವು. ಊರಿನ ಕಡೆಯ ರೈಲನ್ನು ಚಂಡೀಗಡದಲ್ಲಿ ಹತ್ತಬೇಕಾಗಿತ್ತು. ಆದುದರಿಂದ ಒಂದು ದಿನ ಮುಂಚಿತವಾಗಿಯೇ ಆ ನಗರವನ್ನು ಸೇರಿ, ಅಲ್ಲಿನ ಸುಪ್ರಸಿದ್ಧ ರಾಕ್ ಗಾರ್ಡನ್ ನೋಡಿಕೊಂಡು ಬರುವುದೆಂದು ನಿಶ್ಚಯಿಸಿದೆವು. ಮಕ್ಕಳು ಮರಿ ಸೇರಿ ನಾವು ಏಳು ಜನರಿದ್ದೆವು. ಎಲ್ಲರಿಗಿಂತ ಹಿರಿಯರೆಂದರೆ ನಮ್ಮ ತಾಯಿಯವರು. "ಕಲ್ಲಿನ ತ್ವಾಟದಾಗ ಏನು ನೋಡೂದೈತೋ ತಮ್ಮಾ? ನಮ್ಮ ಬಾಗಲಕೋಟಿ ಕಡೀಗೆ ಕಲ್ಲು ಕಡಿಮಿ ಅದಾವೇನು?" ಎಂದು ಕೇಳಿ ಅವರು ಬಸ್ಸಿನಲ್ಲಿದ್ದವರನ್ನೆಲ್ಲ ನಗಿಸಿದ್ದರು.

ಚಂಡೀಗಡವು ಲೆಕ್ಕಣಿಕೆ ಹಿಡಿದು ಬರೆದಂತಹ ನಗರ. ದೇಶವಿಭಜನೆಯಲ್ಲಿ ಲಾಹೋರು ಪಾಕಿಸ್ತಾನಕ್ಕೆ ಹೋಗಲು, ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅದರ ವಿನ್ಯಾಸವನ್ನು ರೂಪಿಸಿದವರು ಲ ಕಾರ್ಬುಸಿಯೇ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿ. ನೇರವಾದ ರಸ್ತೆಗಳು, ಸೆಕ್ಟರುಗಳೆಂಬ ಚೌಕಗಳು, ಸಾಲುಮರಗಳು, ಎಲ್ಲವೂ ಅಚ್ಚುಕಟ್ಟು. ನಗರದಲ್ಲಿಯಾಗಲಿ ಅದರ ಉದ್ಯಾನಗಳಲ್ಲಿಯಾಗಲಿ ಯಾವ ವ್ಯಕ್ತಿಯ ಪ್ರತಿಮೆಯನ್ನೂ ನಿಲ್ಲಿಸಕೂಡದೆಂದು ಆತ ಕಟ್ಟಳೆಯನ್ನೂ ಮಾಡಿದ್ದನಂತೆ! ಅಂತಹ ನಗರದ ಒಂದನೆಯ ಸೆಕ್ಟರಿನಲ್ಲಿ, ವಿಧಾನಸಭೆ ಹಾಗೂ ಉಚ್ಚ ನ್ಯಾಯಾಲಯಗಳ ಭವ್ಯ ಕಟ್ಟಡಗಳಿಗೂ ಸುಖನಾ ಸರೋವರಕ್ಕೂ ನಡುವೆ, ಸಾವಿರಾರು ಪ್ರತಿಮೆಗಳು ಸಾಲುಗಟ್ಟಿ ನಿಂತಿವೆ. ಅವು ಯಾವ ನಾಯಕನವೂ ಅಲ್ಲ, ಯಾವ ಅರಸನವೂ ಅಲ್ಲ.

ಇವನ್ನು ನಿರ್ಮಿಸಿದ ನೇಕ್ ಚಂದ್ ಸೈನಿಯವರು ಶಿಲ್ಪಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು 1924ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಶಕರ್‌ಗಡ ಪ್ರಾಂತದ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ ಜನಿಸಿದರು. 1947ರಲ್ಲಿ ಮನೆ, ಹೊಲ, ಊರು ಎಲ್ಲವನ್ನೂ ಬಿಟ್ಟು ಈಚೆಗೆ ಬಂದರು. ಮುಂದೆ ಚಂಡೀಗಡದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ತಪಾಸಣೆಯ ಸಣ್ಣ ನೌಕರಿ ದೊರಕಿತು. ಹೊಸ ನಗರವನ್ನು ಕಟ್ಟಲು ಅಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆರವು ಮಾಡಲಾಗಿತ್ತು. ಕೆಡವಿದ ಮನೆಗಳ ಅವಶೇಷಗಳು, ಒಡೆದ ಮಡಕೆ ಕುಡಿಕೆಗಳು, ಚೂರಾದ ಬಳೆಗಳು, ಮುರಿದ ಸೈಕಲ್ಲುಗಳು ರಾಶಿರಾಶಿಯಾಗಿ ಬಿದ್ದಿದ್ದವು. ಇವರು ಕೆಲಸ ಮುಗಿದ ಮೇಲೆ ಅವನ್ನು ಸೈಕಲ್ಲಿನ ಮೇಲೆ ಹೇರಿಕೊಂಡು, ಕಟ್ಟಡ ಕಟ್ಟಲು ಅನುಮತಿಯೇ ಇಲ್ಲದ ಸರಕಾರಿ ಕಾಡಿನ ಒಂದು ಕೊರಕಲಿಗೆ ಒಯ್ದು ಕೂಡಿಡತೊಡಗಿದರು. ಬತ್ತಿದ ಹೊಳೆಗಳ ಪಾತ್ರದಿಂದ ಚಿತ್ರವಿಚಿತ್ರ ಆಕಾರದ ಕಲ್ಲುಗಳನ್ನೂ ಆಯ್ದು ತಂದರು. 1950ರ ದಶಕದ ಕೊನೆಯಲ್ಲಿ ಹೀಗೆ ಆರಂಭವಾದ ಕಾಯಕ 1975ರ ಸುಮಾರಿನವರೆಗೆ ಗುಪ್ತವಾಗಿಯೇ ನಡೆಯಿತು. ರಾತ್ರಿಯ ವೇಳೆ ಹಳೆಯ ಟಾಯರುಗಳನ್ನು ಸುಟ್ಟು, ಆ ಬೆಳಕಿನಲ್ಲಿ ದುಡಿಯುತ್ತಿದ್ದರಂತೆ. ಹಗಲು ಸರಕಾರದ ಚಾಕರಿ, ಇರುಳು ಸರಕಾರದ ಕಣ್ಣು ತಪ್ಪಿಸಿ ಚಾಕರಿ!

ಗುಟ್ಟು ಬಯಲಾದಾಗ ನಿಯಮದಂತೆ ಅದನ್ನು ನೆಲಸಮ ಮಾಡಬೇಕಾಗಿತ್ತು. ಆದರೆ ನೋಡಿದ ಜನ ಬೆರಗಾದರು. ಮೆಚ್ಚಿದ ಅಧಿಕಾರಿಗಳೂ ಇದ್ದರು. 1976ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ನೇಕ್ ಚಂದರಿಗೆ ಅದೇ ಕೆಲಸಕ್ಕೆ ಸಂಬಳವೂ ಐವತ್ತು ಜನ ಆಳುಗಳೂ ದೊರೆತರು. 1983ರಲ್ಲಿ ಉದ್ಯಾನದ ಚಿತ್ರವುಳ್ಳ ಅಂಚೆಚೀಟಿ ಬಂದಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ನಾವು ಬೆಳಗಿನ ತಂಪಿನಲ್ಲಿಯೇ ಒಳಹೊಕ್ಕೆವು. ಮೊದಲ ಬಾಗಿಲೇ ಗಿಡ್ಡ. ಎತ್ತರದವರು ತಲೆ ಬಾಗಿಸದೆ ದಾಟುವಂತಿಲ್ಲ. ಮುಂದೆ ಇಕ್ಕಟ್ಟಾದ ಓಣಿಗಳು. ಒಂದು ತಿರುವಿನಲ್ಲಿ ಬರಿಯ ಹೊಳೆಗಲ್ಲುಗಳ ಸಭೆ, ಇನ್ನೊಂದರಲ್ಲಿ ವಿದ್ಯುತ್ ಕಂಬದ ಪಿಂಗಾಣಿ ಬುರುಡೆಗಳಿಂದ ಕಟ್ಟಿದ ಗೋಡೆ, ಮತ್ತೊಂದರಲ್ಲಿ ಡಾಂಬರಿನ ಪೀಪಾಯಿಗಳಿಗೆ ಕಾಂಕ್ರೀಟು ತುಂಬಿ ನಿಲ್ಲಿಸಿದ ಕೋಟೆ. ಎಲ್ಲಿಂದಲೋ ನೀರು ಧುಮುಕುವ ಸದ್ದು ಕೇಳಿಸುತ್ತದೆ; ಜಲಪಾತ ಮಾತ್ರ ನಾಲ್ಕು ತಿರುವು ಕಳೆದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಚಂಡೀಗಡದ ನೇರ ರಸ್ತೆಗಳಿಗೆ ಇದು ಉತ್ತರವೋ ಎಂಬಂತೆ ಇಲ್ಲಿ ಒಂದು ದಾರಿಯೂ ನೇರವಾಗಿಲ್ಲ. ಇಲ್ಲಿಯ ನಿಜವಾದ ಸಂಪತ್ತು ಈ ಹಳೆಯ ಭಾಗದಲ್ಲಿಯೇ ಇದೆ ಎಂಬುದು ನಮ್ಮ ಎಣಿಕೆ. ದೊಡ್ಡ ಕಮಾನುಗಳಿಗೆ ಜೋಕಾಲಿ ಕಟ್ಟಿರುವ ಈಚಿನ ಭಾಗವು ಮಕ್ಕಳಿಗೆ ಸ್ವರ್ಗವೇ ಸರಿ, ಆದರೆ ನಮಗೆ ಅದು ಜಾತ್ರೆಯ ಗದ್ದಲದಂತೆ ತೋರಿತು. ಉದ್ಯಾನವನ್ನು ಅರ್ಧ ಗಂಟೆಯಲ್ಲಿ ಓಡಿಸಿಬಿಡುವ ಅವಸರದವರ ಹಿಂದೆ ಹೋಗದೆ, ನಿಧಾನವಾಗಿ ನೋಡಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.

ಬಳಿಕ ಆ ಪ್ರತಿಮೆಗಳ ಅಂಗಳಗಳು. ಕೊಡ ಹೊತ್ತವರು, ಕುಣಿಯುವವರು, ಸುಮ್ಮನೆ ನಿಂತು ನೋಡುವವರು, ಮಂಗಗಳು, ಪಕ್ಷಿಗಳು, ಹಿಂಡುಹಿಂಡು ಪ್ರಾಣಿಗಳು. ಒಳಗಿನ ಹಂದರಕ್ಕೆ ಸೈಕಲ್ಲಿನ ಚೌಕಟ್ಟು, ಕೊಳವೆಯ ತುಂಡು. ಅದರ ಮೇಲೆ ಸಿಮೆಂಟಿನ ಮೈ. ಆ ಸಿಮೆಂಟು ಒಣಗುವ ಮೊದಲೇ ಒತ್ತಿದ ಪಿಂಗಾಣಿ ಚೂರುಗಳು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಮುಖಗಳು ಒಂದೇ ಬಗೆಯವೆನಿಸಬಹುದು. ನಮ್ಮ ಹಳೇಬೀಡು ಬೇಲೂರುಗಳ ನಯವನ್ನು ಇಲ್ಲಿ ಅರಸಬಾರದು. ನೂರಾರು ಮೂರ್ತಿಗಳು ಒಟ್ಟಾಗಿ ನಮ್ಮತ್ತ ಮುಖ ಮಾಡಿ ನಿಂತಾಗ ಮಾತ್ರ, ಊರ ಅಗಸೆಯಲ್ಲಿ ಜನ ನೆರೆದಂತೆ ಭಾಸವಾಗುತ್ತದೆ.

ಅಲ್ಲಿ ಹೆಂಗಸರ ಒಂದು ಸಾಲಿದೆ. ಅವರ ಉಡುಗೆಯೆಲ್ಲ ಬಳೆಯ ಚೂರು. ಹಸಿರು, ಕೆಂಪು, ನೀಲಿ ಗಾಜುಗಳು ಬಿಸಿಲಿಗೆ ಮಿನುಗುತ್ತಿದ್ದವು. ಮಕ್ಕಳು ಮುಂದೆ ಓಡಿದರು. ನಾವು ಹಿಂದಿರುಗಿ ನೋಡಿದಾಗ ನಮ್ಮ ತಾಯಿಯವರು ಕಟಕಟೆಗೆ ಕೈ ಊರಿ ಅಲ್ಲಿಯೇ ನಿಂತುಬಿಟ್ಟಿದ್ದರು.

"ಇವು ಯಾರ ಕೈಯಾಗಿನ ಬಳಿ ಇದ್ದಾವೋ ಏನೋ, ತಮ್ಮಾ" ಎಂದರು.

ಹಳ್ಳಿಗಳನ್ನು ಕೆಡವಿದ ಸಂಗತಿಯನ್ನು ನಾವು ಆಗ ಅವರಿಗೆ ತಿಳಿಸಿದೆವು. ಕೇಳಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ಆ ಊರುಗಳವರು ಯಾರಾದರೂ ಬಂದು ಇವನ್ನು ನೋಡಿಹೋದರೇನು ಎಂದು ಕೇಳಿದರು. ಉತ್ತರ ಕೊಡಲು ನಮಗೆ ತಿಳಿಯಲಿಲ್ಲ.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಲೇಬೇಕಾಗಿದೆ. ನಮ್ಮ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರ ಬಂದಿತು, ಪುನರ್ವಸತಿ ಕೇಂದ್ರದಲ್ಲಿ ನಿವೇಶನ ಸಿಕ್ಕಿತು. ಹಳೆಯ ಮನೆಯ ತೊಲೆ, ಬಾಗಿಲು, ಕಂಬಗಳನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿದೆವು. ತಾಯಿಯವರು ಅಡುಗೆಮನೆಯ ಬೀಸುಕಲ್ಲನ್ನು ತರಬೇಕೆಂದರು. ಅವರ ಅತ್ತೆಯವರ ಕಾಲದ್ದು ಅದು. ಹಿಟ್ಟಿನ ಗಿರಣಿ ಇರುವಾಗ ಆ ಭಾರವೇಕೆ ಎಂದು ಬೇಡವೆಂದವರು ನಾವೇ. ಅವರು ಎರಡನೆಯ ಸಲ ಕೇಳಲಿಲ್ಲ. ಇಷ್ಟು ವರುಷ ಆ ಮಾತನ್ನು ಎತ್ತಿರಲೂ ಇಲ್ಲ. ಆ ದಿನ ಮಾತ್ರ, ಪಂಜಾಬದ ಯಾರದೋ ಬಳೆಗಳ ಮುಂದೆ ನಿಂತು, "ಇಂವಾ ಇದ್ದಿದ್ದರ ನಮ್ಮ ಬೀಸುಕಲ್ಲೂ ಎತ್ತಿಡತಿದ್ದ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ಉದ್ಯಾನವನ್ನು ಉಳಿಸಿಕೊಳ್ಳುವುದೂ ಸುಲಭವಾಗಿರಲಿಲ್ಲ. 1990ರಲ್ಲಿ ಅದರ ಒಂದು ಭಾಗವನ್ನು ಒಡೆದು ರಸ್ತೆ ಮಾಡಲು ಬುಲ್ಡೋಜರುಗಳು ಬಂದಾಗ, ಚಂಡೀಗಡದ ನಾಗರಿಕರು ಅಡ್ಡಲಾಗಿ ಕೈಕೈ ಹಿಡಿದು ನಿಂತರು. ನ್ಯಾಯಾಲಯದ ತೀರ್ಪೂ ಉದ್ಯಾನದ ಪರವಾಗಿಯೇ ಬಂದಿತು. 1996ರಲ್ಲಿ ನೇಕ್ ಚಂದರು ಪರದೇಶಕ್ಕೆ ಹೋಗಿದ್ದಾಗ ಆಳುಗಳನ್ನು ಹಿಂತೆಗೆದುಕೊಳ್ಳಲಾಯಿತು; ಕಿಡಿಗೇಡಿಗಳು ಒಳನುಗ್ಗಿ ಎಷ್ಟೋ ಮೂರ್ತಿಗಳನ್ನು ಒಡೆದುಹಾಕಿದರು. ಹಿಂದಿರುಗಿದ ಅವರು ಮತ್ತೆ ಕೆಲಸಕ್ಕೆ ಕುಳಿತರು. 2015ರ ಜೂನ್ 12ರಂದು, ತೊಂಬತ್ತು ವರುಷ ತುಂಬಿದ್ದ ಆ ಹಿರಿಯರು ಅದೇ ನಗರದಲ್ಲಿ ಕಣ್ಮುಚ್ಚಿದರು. 2025ರ ಮಾರ್ಚಿನಲ್ಲಿ, ನಾಗರಿಕರು ಪ್ರತಿಭಟಿಸಿದರೂ, ಉಚ್ಚ ನ್ಯಾಯಾಲಯದ ಕಡೆಯ ರಸ್ತೆಯನ್ನು ಅಗಲಗೊಳಿಸಲು ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಲಾಯಿತು. ಕೆಡವಿದ ಊರುಗಳ ಕಸದಿಂದ ಎದ್ದುದನ್ನು ಮತ್ತೆ ಕೆಡವುವುದೆಂದರೆ ನಮಗೇನೋ ಸರಿಕಾಣುವುದಿಲ್ಲ.

ಬಿಸಿಲೇರಿದ ಮೇಲೆ ಹೊರಬಂದು, ಸುಖನಾ ಸರೋವರದ ದಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಉಳಿದಿದ್ದ ರೊಟ್ಟಿ, ಶೇಂಗಾ ಹಿಂಡಿ ಅಲ್ಲಿಗೆ ಮುಗಿಯಿತು. ಕಿರಿಯ ಮೊಮ್ಮಗಳು ದಾರಿಯಲ್ಲಿ ಆಯ್ದ ಬಳೆಯ ಚೂರೊಂದನ್ನು ಅಜ್ಜಿಗೆ ತೋರಿಸಿದಳು. ಅದು ಉದ್ಯಾನದ್ದೇ ಇರಬಹುದೆಂದು ಅವರು ಮಗುವನ್ನು ಕರೆದುಕೊಂಡು ಮರಳಿ ಬಾಗಿಲವರೆಗೂ ನಡೆದು, ಅಲ್ಲಿನ ಕಾವಲುಗಾರನ ಕೈಗೆ ಒಪ್ಪಿಸಿ ಬಂದರು. ಮೊಣಕಾಲು ನೋವಿನವರು, ನಾವು ಬೇಡವೆಂದರೂ ಕೇಳಲಿಲ್ಲ.

ರೈಲಿನಲ್ಲಿ ಎರಡನೆಯ ರಾತ್ರಿ, ದೀಪ ಆರಿಸಿದ ಮೇಲೆ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಊರ ಹಳೆಯ ಗೋಡೆಗಳು ಕಾಣಿಸುತ್ತವೆಂಬ ಮಾತನ್ನು ನಾವು ತೆಗೆದೆವು. ತಾಯಿಯವರು ಎಚ್ಚರವಾಗಿಯೇ ಇದ್ದರು. ಅಡುಗೆಮನೆಯ ಬಾಗಿಲಿನಿಂದ ಒಳಹೊಕ್ಕು ಎಡಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ಬೆರಳಿನಲ್ಲಿ ಎಣಿಸಿ ಹೇಳಿದರು. ಬರುವ ಬೇಸಿಗೆಗೆ ಹಾರೆಯನ್ನೂ ಎರಡು ಆಳುಗಳನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿದೆ.