ನೆರಳಿನೊಡನೆ ಕಾಳಗ

‘ಶ್ಯಾಡೋ ಫೈಟ್ 2’ ಎಂಬ ಮೊಬೈಲ್ ಆಟವೊಂದಿದೆ. 2014ರಲ್ಲಿ ಕೈಫೋನುಗಳಿಗೆ ಬಂದ ಈ ಆಟದಲ್ಲಿ ಕಾದಾಡುವವರಿಗೆ ಆಕಾರವುಂಟು, ಮುಖವಿಲ್ಲ. ಹಿಂದೆ ಬೆಟ್ಟ, ಮರ, ಆಕಾಶಗಳು ಬಣ್ಣಗಳಿಂದ ಬೆಳಗುತ್ತಿದ್ದರೆ, ಮುಂದೆ ಎರಡು ಕಪ್ಪು ನೆರಳುಗಳು ಒಂದನ್ನೊಂದು ಗುದ್ದಿ, ಒದೆದು ಕೆಡಹುತ್ತವೆ. ಇದಕ್ಕೊಂದು ಕಥೆಯೂ ಇದೆ. ತನಗೆ ಸರಿಸಮನಾದ ಎದುರಾಳಿಯನ್ನು ಅರಸುತ್ತ ಅಲೆದ ವೀರನೊಬ್ಬನು ತೆರೆಯಬಾರದ ನೆರಳಿನ ದ್ವಾರವನ್ನು ತೆರೆಯುತ್ತಾನೆ. ಅದರಿಂದ ಅಸುರರು ಹೊರಬೀಳುತ್ತಾರೆ. ವೀರನು ರಕ್ತಮಾಂಸಗಳ ದೇಹವನ್ನು ಕಳೆದುಕೊಂಡು ಬರಿಯ ನೆರಳಾಗಿ ಉಳಿಯುತ್ತಾನೆ. ಆ ಅಸುರರನ್ನು ಒಬ್ಬೊಬ್ಬರನ್ನಾಗಿ ಜಯಿಸಿ ದ್ವಾರವನ್ನು ಮತ್ತೆ ಮುಚ್ಚುವುದೇ ಆಟ.

ಗದಗ ಜಿಲ್ಲೆಯ ಒಂದು ಊರಿನ ಗಣಿತ ಶಿಕ್ಷಕರೊಬ್ಬರು ಈ ಆಟವನ್ನು ಆಡುತ್ತಾರೆ. ವಯಸ್ಸು ಐವತ್ತನ್ನು ದಾಟಿದೆ. ತರಗತಿಯಲ್ಲಿ ಬೆತ್ತ ಹಿಡಿಯದವರೆಂದು, ಏರಿದ ದನಿಯಲ್ಲಿ ಮಾತನಾಡದವರೆಂದು ಹೆಸರಾದವರು. ಇಂಥವರ ಕೈಗೆ ಇಂಥ ಆಟ ಬಂದದ್ದು ಹೇಗೆಂದರೆ, ಮಗನು ರಜೆಗೆ ಬಂದಾಗ ಅದನ್ನು ಅವರ ಫೋನಿಗೆ ಹಾಕಿಕೊಟ್ಟು ಹೋದನು. “ಅಪ್ಪಾಜಿ, ರಾತ್ರಿ ನಿದ್ದಿ ತಡಿಯಾಕ ಛಲೋ ಆಕ್ಕತಿ” ಎಂಬುದು ಅವನು ಕೊಟ್ಟ ಕಾರಣ.

ರಾತ್ರಿ ನಿದ್ದೆ ತಡೆಯಬೇಕಾದ ಪರಿಸ್ಥಿತಿ ಆ ಮನೆಯಲ್ಲಿತ್ತು. ಶಿಕ್ಷಕರ ತಾಯಿಗೆ ಪಾರ್ಶ್ವವಾಯು ತಗುಲಿ ಬಲಭಾಗ ಬಿದ್ದುಹೋಗಿತ್ತು. ತಾನಾಗಿ ಹೊರಳಲಾರದ ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಆಗುತ್ತದೆ. ಒಮ್ಮೆ ಆದರೆ ಮಾಯುವುದು ಕಷ್ಟ. ಹಗಲಿನ ಸೇವೆ ಹೆಂಡತಿ ಮತ್ತು ತಂಗಿಯ ಪಾಲು, ರಾತ್ರಿಯದು ಅವರ ಪಾಲು. ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ರಾತ್ರಿಯು ಅವರಿಗೆ ಲೆಕ್ಕದಂತೆ ಭಾಗವಾಯಿತು. ನಡುವಿನ ವೇಳೆಯಲ್ಲಿ ಪುಸ್ತಕ ಹಿಡಿದರೆ ಕಣ್ಣು ಮುಚ್ಚುತ್ತಿತ್ತು. ಆಟ ಹಿಡಿದರೆ ಮುಚ್ಚುತ್ತಿರಲಿಲ್ಲ. ಸದ್ದನ್ನು ಪೂರ್ತಿ ಇಳಿಸಿ, ಎಡ ಹೆಬ್ಬೆರಳಿನಿಂದ ನೆರಳನ್ನು ನಡೆಸುತ್ತ, ಬಲ ಹೆಬ್ಬೆರಳಿನಿಂದ ಗುದ್ದು ಒದೆತಗಳ ಗುಂಡಿಗಳನ್ನು ಒತ್ತುತ್ತ ಅವರು ಎಚ್ಚರವಾಗಿ ಕುಳಿತರು. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆ ತಾಯಿಯ ಬೆನ್ನಿನಲ್ಲಿ ಇಂದಿಗೂ ಹುಣ್ಣಿಲ್ಲ.

ಹೀಗಿದ್ದರೂ ಅವರ ಮನಸ್ಸಿನಲ್ಲಿ ಒಂದು ಅಳುಕು ಮೂಡಿತು. ಅದು ಚಟದ ಅಳುಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಷ್ಟು ಹಿಂದೆಯೇ ಇಂಥ ತೊಂದರೆಗಳಿಗೆಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿತ್ತು. ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಕೇಡು ಕಂಡರೂ ನಿಲ್ಲಿಸಲಾಗದಿರುವುದು, ಇವು ಅಲ್ಲಿ ಹೇಳಿದ ಲಕ್ಷಣಗಳು. ಶಿಕ್ಷಕರು ತಮ್ಮನ್ನು ಈ ಅಳತೆಗೋಲಿನಿಂದ ಅಳೆದುಕೊಂಡರು. ಒಂದೂ ಹೊಂದಲಿಲ್ಲ. ಹಗಲಿನಲ್ಲಿ ಆಟದ ನೆನಪೇ ಅವರಿಗೆ ಬಾರದು.

ರಕ್ತಪಾತದ ಅಳುಕೂ ಅಲ್ಲ. 1992ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಆಟದಲ್ಲಿ ರಕ್ತ ಚಿಮ್ಮುತ್ತಿತ್ತು. ಮರುವರ್ಷ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆದು, 1994ರಲ್ಲಿ ಆಟಗಳಿಗೆ ವಯೋಮಾನದ ಗುರುತು ಹಾಕುವ ಮಂಡಳಿಯೇ ಹುಟ್ಟಿತು. ನೆರಳಿನ ಆಟದಲ್ಲಿ ಆ ಘೋರವಿಲ್ಲ. ಆದರೆ ವಿಚಾರಿಸಬೇಕಾದ ಸಂಗತಿ ಇರುವುದು ಇಲ್ಲಿಯೇ. ಮುಖವಿಲ್ಲದವನನ್ನು ಹೊಡೆಯುವುದು ಸುಲಭ. ನೋವು ಕಾಣುವುದಿಲ್ಲ, ನೋವಿಗೆ ಬದಲಾಗಿ ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಮಾತ್ರ ಕುಗ್ಗುತ್ತದೆ. ಎದುರಾಳಿಯಲ್ಲಿ ಎಷ್ಟು ಜೀವ ಉಳಿದಿದೆ ಎಂಬುದನ್ನು ತೋರಿಸುವ ಪಟ್ಟಿ ಅದು.

ಆ ಪಟ್ಟಿಯೇ ಶಿಕ್ಷಕರಿಗೆ ಮುಳ್ಳಾಯಿತು. ಮೂರು ಮೊಳ ದೂರದಲ್ಲಿ ಒಂದು ಜೀವ ದಿನದಿನಕ್ಕೆ ಕುಗ್ಗುತ್ತಿದೆ, ಅದು ಎಷ್ಟು ಉಳಿದಿದೆಯೆಂದು ತೋರಿಸುವ ಪಟ್ಟಿ ಎಲ್ಲಿಯೂ ಇಲ್ಲ. ಕೈಯಲ್ಲಿರುವ ಜೀವಕ್ಕೆ ಪಟ್ಟಿಯಿದೆ, ಆದರೆ ಅದು ಜೀವವೇ ಅಲ್ಲ. ವೈದ್ಯರನ್ನು ಕೇಳಿದರೆ “ಹೇಳಲಿಕ್ಕಾಗದು” ಎನ್ನುತ್ತಾರೆ. ಆ ರೋಗದೊಡನೆ ಗುದ್ದಾಡಲು ಗುಂಡಿಯಿಲ್ಲ. ಗುದ್ದಬಹುದಾದ, ಗೆಲ್ಲಬಹುದಾದ ಶತ್ರುವೊಂದು ಕೈಗೆ ಸಿಕ್ಕಾಗ ಅವರ ತೋಳಿನ ಬಿಗುವು ಸಡಿಲಿದ್ದು ನಿಜ. ಪಟ್ಟಿ ಬರಿದಾದಾಗ ಸುಖವಾದದ್ದೂ ನಿಜ. ತಾಯಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಇನ್ನೊಂದರ ಜೀವ ಬರಿದಾಗುವುದನ್ನು ಸುಖಿಸಿದ್ದು ಅವರಿಗೆ ಸರಿಯೆನಿಸಲಿಲ್ಲ, ತಪ್ಪೆಂದೂ ಹೇಳಲಾಗಲಿಲ್ಲ.

ಒಂದು ರಾತ್ರಿ ಕಾಳಗದ ನಡುವೆ ತಾಯಿ ನೀರು ಕೇಳಿದರು. ಶಿಕ್ಷಕರು ತಡೆಯ ಗುಂಡಿಯನ್ನು ಒತ್ತಿ ಎದ್ದರು. ಚಮಚದಿಂದ ಒಂದೊಂದೇ ಗುಟುಕು ಕುಡಿಸಿ, ನುಂಗಿದರೇ ಎಂದು ಗಂಟಲನ್ನು ನೋಡಿ, ಬಾಯೊರೆಸಿದರು. ಸೇವೆಯಲ್ಲಿ ಕಿಂಚಿತ್ತೂ ಲೋಪವಾಗಲಿಲ್ಲ. ಆದರೆ ಅಷ್ಟು ಹೊತ್ತೂ ಅವರ ಕಣ್ಣೊಳಗೆ ಆ ನೆರಳು ಕಾಲೆತ್ತಿ ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಕೈ ಇಲ್ಲಿದ್ದು ಮನ ಅಲ್ಲಿರುವುದನ್ನು ಶರಣರ ಮಾತುಗಳನ್ನು ಬಲ್ಲ ಓದುಗರಿಗೆ ವಿವರಿಸಬೇಕಾಗಿಲ್ಲ.

ತಾಯಿ ಫೋನಿನ ಬೆಳಕನ್ನು ನೋಡಿ ತೊದಲುತ್ತ ಕೇಳಿದರು: “ಯಾರ ಗೆದ್ರಪಾ?”

“ನಾನ ಗೆಲ್ಲಾಕತ್ತೀನಿ, ಅವ್ವಾ.”

“ಸೋತಾಂವ ಎಲ್ಲಿ ಹೊಕ್ಕಾನ?”

ಉತ್ತರ ಹೊಳೆಯಲಿಲ್ಲ. ಸೋತವನು ಎಲ್ಲಿಯೂ ಹೋಗುವುದಿಲ್ಲ. ಮತ್ತೆ ಗುಂಡಿ ಒತ್ತಿದರೆ ಪೂರ್ಣ ಜೀವದೊಡನೆ ಎದ್ದು ನಿಲ್ಲುತ್ತಾನೆ. ಇದನ್ನು ಆ ಹೊತ್ತಿನಲ್ಲಿ ಆ ತಾಯಿಗೆ ಹೇಳುವುದು ಹೇಗೆ? “ಮನೀಗೆ ಹೊಕ್ಕಾನ” ಎಂದರು. ಆಕೆಗೆ ಸಮಾಧಾನವಾಯಿತು.

ಅಸುರರು ಆರು ಮಂದಿ ಎಂದೊಡನೆ ಅರಿಷಡ್ವರ್ಗವನ್ನು ನೆನೆದು ಆಟಕ್ಕೊಂದು ಭಾಷ್ಯ ಬರೆಯುವ ಆಸೆ ಯಾರಿಗಾದರೂ ಆದೀತು. ಶಿಕ್ಷಕರ ಸ್ನೇಹಿತರೊಬ್ಬರು ಹಾಗೆ ಹೇಳಿಯೂ ನೋಡಿದರು. ಅವರು ಒಪ್ಪಲಿಲ್ಲ. ಕಾಮ ಕ್ರೋಧಗಳು ಐವರು ಅಂಗರಕ್ಷಕರನ್ನು ಮುಂದಿಟ್ಟುಕೊಂಡು ಸರದಿಯಲ್ಲಿ ಬರುವುದಿಲ್ಲ, ಒಟ್ಟಿಗೇ ಬರುತ್ತವೆ ಎಂಬುದು ಅವರ ವಾದ. ಆಟ ಆಡಿದ್ದರಿಂದ ತಮ್ಮ ಕೋಪ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲವೆಂದು ಅವರು ಹೇಳುತ್ತಾರೆ. ದೇವರ ಮೇಲಿನದೋ ವಿಧಿಯ ಮೇಲಿನದೋ ತಿಳಿಯದ ಆ ಕೋಪ ಇದ್ದಲ್ಲಿಯೇ ಇದೆ.

ಆಟದಲ್ಲಿ ಇನ್ನೊಂದು ಕಟ್ಟಳೆಯಿದೆ. ಪ್ರತಿ ಕಾಳಗಕ್ಕೂ ಒಂದು ಪಾಲು ಶಕ್ತಿ ಖರ್ಚಾಗುತ್ತದೆ. ಇರುವುದು ಐದೇ ಪಾಲು. ಮುಗಿದರೆ ತುಂಬುವವರೆಗೆ ಕಾಯಬೇಕು, ಇಲ್ಲವೇ ರತ್ನಗಳನ್ನು ತೆರಬೇಕು. ಆ ರತ್ನಗಳನ್ನು ನಿಜವಾದ ಹಣಕ್ಕೂ ಮಾರುತ್ತಾರೆ. ಶಿಕ್ಷಕರು ಒಂದು ಪೈಸೆಯನ್ನೂ ತೆರಲಿಲ್ಲ. ಮೊದಮೊದಲು ಈ ಮಿತಿ ಅವರಿಗೆ ಒಳ್ಳೆಯದೆನಿಸಿತು. ಆಮೇಲೆ ತಿಳಿದದ್ದೆಂದರೆ, ಇದು ಸಾಕೆನಿಸುವ ಮಿತಿಯಲ್ಲ, ಬೇಕೆನಿಸುವಾಗಲೇ ತಟ್ಟೆಯನ್ನು ಎಳೆದುಕೊಳ್ಳುವ ಮಿತಿ. ಎರಡು ಗಂಟೆಗೆ ತಾಯಿಯ ಮಗ್ಗುಲು ಬದಲಿಸಲು ಏಳುವಾಗ, ಶಕ್ತಿ ತುಂಬಿರಬಹುದೆಂಬ ನೆನಪೂ ಜೊತೆಗೇ ಏಳುತ್ತಿತ್ತು. ಅವರನ್ನು ಎಬ್ಬಿಸಿದ್ದು ಯಾವುದೆಂದು ಬೇರ್ಪಡಿಸಲು ಬಾರದು. ಹೆಂಡತಿಗೆ ಮಾತ್ರ ಇದು ದೊಡ್ಡ ಪ್ರಶ್ನೆಯಲ್ಲ. “ಎದ್ರಿ ಇಲ್ರಿ? ಅಷ್ಟ ಸಾಕು” ಎಂಬುದು ಆಕೆಯ ತೀರ್ಪು, ಅದರಲ್ಲಿ ತೂಕವಿಲ್ಲದಿಲ್ಲ.

ಮೊದಲನೆಯ ಅಸುರನನ್ನು ಗೆದ್ದದ್ದು ಹಲವು ವಾರಗಳ ಶ್ರಮದ ಮೇಲೆ. ಎರಡನೆಯವನ ಹಾದಿಯಲ್ಲಿ ಅವರು ನಿಂತಿದ್ದಾರೆ. ಕಾಳಗಕ್ಕೆ ಮುಂಚೆ ಅದು ಎಷ್ಟು ಕಠಿಣವೆಂದು ಆಟವೇ ಹೇಳುತ್ತದೆ. ಈಗ ಅಲ್ಲಿ ‘ಅಸಾಧ್ಯ’ ಎಂಬರ್ಥದ ಮಾತು ಕಾಣುತ್ತಿದೆ. ಸಾಧ್ಯವಾಗಬೇಕಾದರೆ ಒಳ್ಳೆಯ ಆಯುಧ ಬೇಕು, ಆಯುಧಕ್ಕೆ ನಾಣ್ಯ ಬೇಕು, ನಾಣ್ಯಕ್ಕಾಗಿ ತಮಗಿಂತ ದುರ್ಬಲರಾದ ನೆರಳುಗಳನ್ನು ಮತ್ತೆ ಮತ್ತೆ ಕೆಡಹಬೇಕು. ಬಲಿಷ್ಠನನ್ನು ಸೋಲಿಸಲು ದುರ್ಬಲನನ್ನು ನೂರು ಸಲ ಹೊಡೆಯುವ ಈ ವ್ಯವಹಾರ ಅವರಿಗೆ ಹಿಡಿಸಿಲ್ಲ. ಆದರೂ ಕೆಲವು ರಾತ್ರಿ ಹೊಡೆಯುತ್ತಾರೆ. ಅಳಿಸಿಬಿಡೋಣವೆಂದು ಎರಡು ಬಾರಿ ಬೆರಳೊತ್ತಿ ಹಿಡಿದರು. ಅಳಿಸಲೇ ಎಂಬ ಪ್ರಶ್ನೆ ಬಂದಾಗ ಬೇಡವೆಂದರು. ಆಡದೆ ಕುಳಿತರೆ ತಾಯಿಯ ಉಸಿರನ್ನು ಎಣಿಸತೊಡಗುತ್ತಾರೆ, ಎಣಿಸತೊಡಗಿದರೆ ಪ್ರತಿಯೊಂದರ ನಡುವಿನ ಬಿಡುವು ಉದ್ದವಾಗಿ ಕೇಳಿಸುತ್ತದೆ.

ನಾಲ್ಕಕ್ಕೆ ಫೋನನ್ನು ಮಂಚದ ಕೆಳಗಿಟ್ಟು, ಒಂದು ಕೈಯನ್ನು ತಾಯಿಯ ಹೆಗಲಿನಡಿ, ಇನ್ನೊಂದನ್ನು ಸೊಂಟದಡಿ ತೂರಿಸಿ, ಎಡಮಗ್ಗುಲಿಗೆ ಹೊರಳಿಸುತ್ತಾರೆ. ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು. ಆಕೆ ಎಚ್ಚರವಿದ್ದರೆ ಆಗಲೂ ಕೇಳುತ್ತಾರೆ, ಇಂದು ಬಂದವನು ಮನೆ ಮುಟ್ಟಿದನೇ ಎಂದು.