ಕಾಲು ತೊಳೆಯುವ ಜಾಗ

ಮೃಗಶಿರ ಮಳೆ ಹಿಡಿದುಕೊಂಡ ಮೇಲೆ ಹಾಸನ ಸೀಮೆಯ ಕಟ್ಟಾಯದ ಸುತ್ತಿನ ಊರುಗಳಲ್ಲಿ ಹೊಲದಿಂದ ಮನೆಗೆ ಬರುವವರು ಹೊಲವನ್ನೂ ಒಂದಿಷ್ಟು ಹೊತ್ತುಕೊಂಡೇ ಬರುತ್ತಾರೆ. ಆಲೂಗೆಡ್ಡೆ ಹೊಲದ ಕೆಮ್ಮಣ್ಣು ಚಪ್ಪಲಿಯಡಿ ಎರಡು ಬೆರಳು ದಪ್ಪಕ್ಕೆ ಮೆತ್ತಿಕೊಂಡಿರುತ್ತದೆ. ತಲೆಯ ಮೇಲಿನ ಗೋಣಿಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದು ಕೈಯಲ್ಲಿ ಹಸುವಿನ ಹಗ್ಗ, ಕಂಕುಳಲ್ಲಿ ಹುಲ್ಲಿನ ಹೊರೆ. ಹೊಸ್ತಿಲು ದಾಟುವ ಮೊದಲು ಇವೆಲ್ಲವನ್ನೂ ಎಲ್ಲಿಯಾದರೂ ಇಳಿಸಬೇಕು. ಎಲ್ಲಿ ಇಳಿಸುವುದು ಎಂಬುದಕ್ಕೆ ನಮ್ಮ ಹಳೆಯ ಮನೆಗಳಲ್ಲಿ ಉತ್ತರವಿತ್ತು. ಈಗ ಕಟ್ಟುತ್ತಿರುವ ಬಹುಪಾಲು ಮನೆಗಳಲ್ಲಿ ಇಲ್ಲ.

ಹಳೆಯ ಮನೆಯ ಮುಂಬಾಗಿಲನ್ನು ಒಮ್ಮೆ ಸಾವಕಾಶವಾಗಿ ನೋಡಬೇಕು. ಮೊದಲು ಸಗಣಿ ಸಾರಿಸಿದ ಅಂಗಳ. ಅರ್ಧ ಕೆಸರು ಅಲ್ಲೇ ಉದುರುತ್ತಿತ್ತು. ಅಂಗಳದ ಅಂಚಿಗೊಂದು ಒರಟು ಚಪ್ಪಡಿ, ಪಕ್ಕದಲ್ಲಿ ನೀರು ತುಂಬಿಟ್ಟ ಗುಡಾಣ ಇಲ್ಲವೇ ಕಲ್ಲುಬಾನಿ, ಮೇಲೊಂದು ಚೊಂಬು. ಆ ಚಪ್ಪಡಿಯ ಮೇಲೆ ಹಿಮ್ಮಡಿ ಉಜ್ಜಿ ಉಜ್ಜಿ ಕಲ್ಲಿನ ನಡುವೆ ಸಣ್ಣ ತಗ್ಗೇ ಬಿದ್ದಿರುತ್ತಿತ್ತು. ತೊಳೆದ ನೀರು ಸಣ್ಣ ಕಾಲುವೆ ಹಿಡಿದು ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಹೋಗುತ್ತಿತ್ತು. ಆಮೇಲೆ ಜಗುಲಿ. ಮೊಣಕಾಲ ಎತ್ತರದ್ದು, ಮೇಲೆ ಸೂರು ಮುಂದಕ್ಕೆ ಚಾಚಿಕೊಂಡಿದ್ದರಿಂದ ಒದ್ದೆಯಾಗದು. ಕುಡುಗೋಲು ಸೂರಿನ ಗಳುವಿಗೆ ಸಿಕ್ಕಿಕೊಳ್ಳುತ್ತಿತ್ತು, ಮಕ್ಕಳ ಕೈಗೆ ಎಟುಕದಷ್ಟು ಮೇಲೆ. ಗೋಡೆಯ ಗೂಟಗಳಲ್ಲಿ ಕೊಪ್ಪೆ, ಕಂಬಳಿ, ಹಗ್ಗ, ಬಾರುಕೋಲು. ಬಾಗಿಲ ಪಕ್ಕದ ಗೂಡಿನಲ್ಲಿ ದೀಪ, ಅದರ ಮಗ್ಗುಲಲ್ಲೇ ಎಲೆಅಡಿಕೆ ಚೀಲ. ಇಷ್ಟು ಕಳಚಿಟ್ಟ ಮೇಲೆ ಹೊಸ್ತಿಲು.

ಹೊಸ್ತಿಲ ಮೇಲೆ ಕೂರಬಾರದು, ಅದನ್ನು ತುಳಿಯಬಾರದು ಎಂದು ಹಿರಿಯರು ಗದರುತ್ತಿದ್ದರು. ಹಾಗೆ ಗದರಬೇಕಾದರೆ ಕೂರಲು ಬೇರೆ ಜಾಗವಿರಬೇಕು. ಜಗುಲಿ ಇದ್ದುದರಿಂದ ಆ ಮಾತು ನಡೆಯುತ್ತಿತ್ತು. ಇಂದಿಗೂ ನಮ್ಮ ಹೆಣ್ಣುಮಕ್ಕಳು ಬೆಳಗಾಗೆದ್ದು ಹೊಸ್ತಿಲು ತೊಳೆದು, ಅರಿಶಿನ ಕುಂಕುಮವಿಟ್ಟು, ರಂಗೋಲಿ ಎಳೆಯುತ್ತಾರೆ. ಹೊಸ್ತಿಲಿಗೆ ಸಲ್ಲುವ ಈ ಆರೈಕೆಯಲ್ಲಿ ಸ್ವಲ್ಪವಾದರೂ ಅದರ ಮುಂದಿನ ಐದಡಿ ನೆಲಕ್ಕೆ ಸಿಕ್ಕಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಜಗುಲಿಯ ಕಲ್ಲು ಎಲ್ಲರನ್ನೂ ಕೂರಿಸುತ್ತಿರಲಿಲ್ಲ. ಅದೇ ಮನೆಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕಿದವರು ಅಂಗಳದಲ್ಲೇ ನಿಂತು ಕೂಲಿ ಇಸಿದುಕೊಳ್ಳಬೇಕಿತ್ತು, ಎತ್ತರದಿಂದ ಸುರಿದ ನೀರಿಗೆ ಬೊಗಸೆ ಒಡ್ಡಬೇಕಿತ್ತು. ಜಗುಲಿ ಮತ್ತೆ ಬರಲಿ, ಆದರೆ ಆ ಕಟ್ಟಳೆಯನ್ನು ಬಿಟ್ಟು ಬರಲಿ. ಕಾಲು ತೊಳೆಯುವ ನಲ್ಲಿ, ಕೂರುವ ಕಲ್ಲು ಎರಡೂ ಬಂದವರೆಲ್ಲರಿಗೂ ಒಂದೇ ಆಗಿರಲಿ.

ಈ ಸೀಮೆಯ ಮನೆಗಳು ಬದಲಾದದ್ದಕ್ಕೆ ಕಾರಣಗಳು ಹಲವು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದಾಗ ಊರುಗಳೇ ಎದ್ದುಹೋದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಹಿನ್ನೀರಿನಲ್ಲಿ ನಿಂತಿವೆ. ಅದರ ಸುತ್ತಿನ ಜನವಸತಿ ಉಳಿಯಲಿಲ್ಲ. ಮುಳುಗದ ಊರುಗಳಲ್ಲೂ ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಮನೆ ಮೂರು ತುಂಡಾಯಿತು. ಮೂವತ್ತು ನಲವತ್ತರ ಸೈಟಿನಲ್ಲಿ ಮೋಲ್ಡ್ ಮನೆ ಎಬ್ಬಿಸುವಾಗ ಮೊದಲು ಕತ್ತರಿ ಬೀಳುವುದು ಜಗುಲಿಗೆ. ಉಳಿದ ನಾಲ್ಕಡಿಗೆ ಗ್ರಿಲ್ಲು ಕೂರಿಸಿ, ನುಣುಪಾದ ಟೈಲ್ಸ್ ಹಾಸಿ, ಮೂಲೆಯಲ್ಲೊಂದು ಚಪ್ಪಲಿ ಸ್ಟ್ಯಾಂಡ್ ಇಟ್ಟರೆ ಮುಂಬಾಗಿಲ ಕೆಲಸ ಮುಗಿಯಿತು. ಗೃಹಪ್ರವೇಶದ ದಿನ ನೆಂಟರ ಕಣ್ಣಿಗೆ ಅದು ಚೆಂದವೇ. ಮೊದಲ ಮಳೆಗೆ ಕಷ್ಟ ಶುರುವಾಗುತ್ತದೆ.

ನಮ್ಮ ಬೀದಿಯಲ್ಲೇ ಒಂದು ಹೊಸ ಮನೆಯಿದೆ. ಮಳೆಗಾಲದ ಸಂಜೆ ಆ ಮನೆಯ ಹಿರಿಯರು ಹೊಲದಿಂದ ಬಂದು ಗ್ರಿಲ್ಲಿಗೆ ಕೈಯಿಟ್ಟರೆ ಒಳಗಿನಿಂದ ಸೊಸೆಯ ದನಿ: “ಮಾವ, ಹಿಂದ್ಗಡೆಯಿಂದ ಬನ್ನಿ, ಈಗ್ತಾನೆ ನೆಲ ಒರೆಸಿದ್ದೀನಿ.” ಸೊಸೆಯ ತಪ್ಪೇನೂ ಇಲ್ಲ. ಆ ನೆಲವನ್ನು ದಿನಕ್ಕೆ ಮೂರು ಸಲ ಒರೆಸುವವಳು ಅವಳೇ. ಮಾವನೂ ಬೇಜಾರು ಮಾಡಿಕೊಳ್ಳದೆ, ಮಳೆಯಲ್ಲೇ ಮನೆ ಬಳಸಿಕೊಂಡು ಬಚ್ಚಲ ಕಡೆಗೆ ಹೋಗುತ್ತಾರೆ. ಆ ಮನೆಗೆ ಹಣ ಹುಟ್ಟಿದ್ದು ಅವರ ಕಾಲಿಗೆ ಅಂಟಿದ ಮಣ್ಣಿನಿಂದ. ವರ್ಷಕ್ಕೆ ನಾಲ್ಕು ಸಲ ಬರುವ ನೆಂಟರಿಗೆಂದು ಮುಂಬಾಗಿಲು ಮಾಡಿ, ದಿನಾ ಎರಡು ಸಲ ದುಡಿದು ಬರುವವರನ್ನು ಹಿತ್ತಿಲಿಗೆ ಕಳಿಸುವುದನ್ನು ನನಗೆ ಸಹಿಸಲಾಗುವುದಿಲ್ಲ. ಮನೆಯ ನಕ್ಷೆ ಬರೆಯುವಾಗ ಮೊದಲು ಕಣ್ಣ ಮುಂದೆ ಬರಬೇಕಾದವರು ಒದ್ದೆಯಾಗಿ, ದಣಿದು, ಎರಡೂ ಕೈ ತುಂಬಿಕೊಂಡು ಬರುವ ಮನೆಯವರು.

ಬಾಗಿಲಲ್ಲೇ ಕಳಚಿಡುವ ಇಂಥ ಜಾಗವನ್ನು ಜಪಾನಿನಲ್ಲಿ ಇನ್ನೂ ಉಳಿಸಿಕೊಂಡಿದ್ದಾರೆ. ಅಲ್ಲಿ ಬಾಗಿಲೊಳಗೆ ಕಾಲಿಟ್ಟ ಕೂಡಲೇ ಒಂದು ಮೆಟ್ಟಿಲು ತಗ್ಗಿನ ನೆಲವಿರುತ್ತದೆ, ಅದಕ್ಕೆ ಗೆಂಕಾನ್ ಎನ್ನುತ್ತಾರೆ. ಜೋಡು ಬಿಡುವುದು ಅಲ್ಲೇ, ಮೇಲಿನ ನೆಲಕ್ಕೆ ಹೊರಗಿನ ಜೋಡು ತಾಗಕೂಡದು. ನಗರದ ಇಕ್ಕಟ್ಟಿನ ಫ್ಲಾಟುಗಳಲ್ಲೂ ಆ ತಗ್ಗು ಇರುತ್ತದೆ. ಜಾಗ ಕಡಿಮೆ ಎಂಬ ನಮ್ಮ ನೆಪ ಅಷ್ಟು ಗಟ್ಟಿಯಾದದ್ದಲ್ಲ.

ಹೊರಗೇ ತೊಳೆದುಕೊಳ್ಳುವ ಜಾಗ ಅಪ್ಪ ಅಜ್ಜಂದಿರ ಕಾಲಕ್ಕಿಂತ ಈಗಲೇ ಹೆಚ್ಚು ಬೇಕು. ಆಲೂಗೆಡ್ಡೆಗೆ ಅಂಗಮಾರಿ ಬಂತೆಂದರೆ ಔಷಧಿ ಹೊಡೆಯುವುದು ತಪ್ಪುವುದಿಲ್ಲ. ಹೊಡೆದವರ ಅಂಗಿ, ಪಂಚೆ, ಕೈಕಾಲಿನ ಮೇಲೆಲ್ಲ ಅದು ಕೂತಿರುತ್ತದೆ. ಅದೇ ಬಟ್ಟೆಯಲ್ಲಿ ಒಳಗೆ ಬಂದು ಮೊಮ್ಮಗುವನ್ನು ಎತ್ತಿಕೊಂಡರೆ ಅದು ಮಗುವಿನ ಮೈಗೂ ತಾಗುತ್ತದೆ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಮುರಿಯುವವರ ಕೈಗೆ ಕಪ್ಪು ಅಂಟು ಹಿಡಿದಿರುತ್ತದೆ. ಮಳೆಗೋ ಇಬ್ಬನಿಗೋ ನೆನೆದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಇಂಥ ಕೈಯನ್ನು ಬಾಗಿಲ ಹೊರಗೆ ಸೋಪು ಹಚ್ಚಿ ತೊಳೆಯಬೇಕು, ಬಟ್ಟೆಯನ್ನು ಹೊರಗಿನ ಬಕೀಟಿಗೇ ಹಾಕಿ ಬೇರೆಯಾಗಿ ಒಗೆಯಬೇಕು. ಔಷಧಿಯ ಡಬ್ಬ, ಸೀಸೆ, ಹೊಡೆಯುವ ಕ್ಯಾನು ಇವು ಚಪ್ಪಲಿ ಸ್ಟ್ಯಾಂಡಿನ ಕೆಳಗಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ಎದೆ ಧಸಕ್ಕೆಂದಿದೆ. ಅವಕ್ಕೆ ಮನೆಯಿಂದ ದೂರದಲ್ಲಿ ಬೀಗ ಹಾಕಿದ ಪೆಟ್ಟಿಗೆಯೇ ಆಗಬೇಕು.

ಚನ್ನರಾಯಪಟ್ಟಣದ ಕಡೆ ಹೋದರೆ ಕೆಸರಿಗಿಂತ ಧೂಳು ಹೆಚ್ಚು, ಮುಂಬಾಗಿಲಲ್ಲಿ ತೆಂಗಿನಕಾಯಿ ರಾಶಿಯೂ ಇರುತ್ತದೆ. ಅಲ್ಲಿ ನೀರಿಗಿಂತ ಮೊದಲು ಬೇಕಾದದ್ದು ತೆಂಗಿನನಾರಿನ ಒರಟು ಮ್ಯಾಟು.

ಇನ್ನು ರಾತ್ರಿ. ಮೋಟರಿಗೆ ತ್ರೀ ಫೇಸ್ ಕರೆಂಟು ಕೊಡುವುದು ಎಷ್ಟೋ ಸಲ ನಡುರಾತ್ರಿಯಲ್ಲೇ. ಆಗ ಎದ್ದು ಹೋಗುವವರಿಗೆ ಬ್ಯಾಟರಿ, ಪಂಪ್‌ಸೆಟ್ ಮನೆಯ ಬೀಗದ ಕೈ, ಒಂದು ದೊಣ್ಣೆ, ಗಂಬೂಟು ಕತ್ತಲಲ್ಲೂ ಕೈಗೆ ಸಿಗುವಂತಿರಬೇಕು. ಹಳೆಯ ದೀಪದ ಗೂಡಿನ ಜಾಗದಲ್ಲಿ ಬ್ಯಾಟರಿಗೊಂದು ಗೂಡು, ಅದರೊಳಗೇ ಚಾರ್ಜಿನ ಪ್ಲಗ್ಗು ಇಟ್ಟರೆ ಹುಡುಕಾಟವಿಲ್ಲ. ಗಂಬೂಟನ್ನು ಗೂಟಕ್ಕೆ ಬೋರಲು ಹಾಕಬೇಕು, ಹಾಕಿಕೊಳ್ಳುವ ಮುಂಚೆ ಕೊಡವಬೇಕು. ಬೆಚ್ಚಗಿನ ಕತ್ತಲೆ ಸಿಕ್ಕರೆ ಚೇಳು ಸೇರಿಕೊಳ್ಳುತ್ತದೆ. ಚಪ್ಪಲಿ ನೆಲದ ಮೇಲೆ ರಾಶಿ ಬಿದ್ದಿದ್ದರೆ ಅದರ ಸಂದಿಗೆ ಹಾವೂ ಬರಬಹುದು. ಸ್ಟ್ಯಾಂಡಿನ ಕೆಳ ಹಲಗೆ ನೆಲದಿಂದ ಗೇಣೆತ್ತರ ಇದ್ದರೆ ಗುಡಿಸುವುದೂ ಸಲೀಸು, ಇಣುಕುವುದೂ ಸಲೀಸು.

ಮನೆ ಕಟ್ಟಿಸುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಬಾಗಿಲ ಮುಂದಿನ ನೆಲಕ್ಕೆ ನುಣುಪಿನ ಟೈಲ್ಸ್ ಬೇಡ, ಒರಟು ಕಲ್ಲು ಹಾಸಿ. ಒದ್ದೆ ಕಾಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು ಊರೂರಲ್ಲಿದ್ದಾರೆ. ಅಡಿಗೆ ಕಾಲಿಂಚಿನಂತೆ ಹೊರಗಡೆಗೆ ವಾಟ ಕೊಡಲು ಮೇಸ್ತ್ರಿಗೆ ಮೊದಲೇ ಹೇಳಿ. ಸಿಮೆಂಟು ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ನಲ್ಲಿಯನ್ನು ಮೊಣಕಾಲೆತ್ತರಕ್ಕೆ ಇಡಿಸಿ, ತೊಳೆದ ನೀರು ಗಿಡಕ್ಕೆ ಹೋಗುವಂತೆ ಪೈಪು ಎಳೆಯಿರಿ. ಜಗುಲಿಗೆ ಜಾಗ ಸಾಲದಿದ್ದರೆ ಒಂದೂವರೆ ಅಡಿ ಎತ್ತರದ ಒಂಟಿ ಕಲ್ಲುಬೆಂಚಾದರೂ ಸಾಕು. ಮಂಡಿ ನೋವಿನವರು ಕೂತು ಚಪ್ಪಲಿ ಬಿಚ್ಚಬೇಕು, ಎದ್ದೇಳುವಾಗ ಹಿಡಿಯಲು ಗೋಡೆಯಲ್ಲೊಂದು ಕಂಬಿ ಬೇಕು. ಗೂಟಗಳನ್ನು ಎರಡು ಸಾಲು ಹೊಡೆಸಿ, ಕೆಳಗಿನದು ಶಾಲೆಯಿಂದ ಬರುವ ಮಕ್ಕಳ ಬ್ಯಾಗಿಗೆ, ರೈನ್‌ಕೋಟಿಗೆ. ಅವರ ಕೈಗೆ ಎಟುಕುವಂತಿದ್ದರೆ ಅವರೇ ನೇತುಹಾಕುತ್ತಾರೆ, ಯಾರೂ ಕೂಗಬೇಕಿಲ್ಲ.

ಹಾಸನದ ಬಾಡಿಗೆ ಮನೆಗಳಲ್ಲಿ ಇದೆಲ್ಲ ಆಗದ ಮಾತು, ಗೊತ್ತು. ಮೆಟ್ಟಿಲ ತಿರುವಿನಲ್ಲಿ ನಾಲ್ಕು ಮನೆಯ ಚಪ್ಪಲಿಗಳು ಒಟ್ಟಿಗೇ ಬಿದ್ದಿರುತ್ತವೆ. ಅಲ್ಲಿಯೂ ಗೋಣಿ ಮಡಿಸಿ ಹಾಸಿ, ಒಂದು ಮಣೆ ಇಟ್ಟು, ಬಾಗಿಲ ಹಿಂದೆ ನಾಲ್ಕು ಮೊಳೆಯ ಹಲಗೆ ಹೊಡೆದರೆ ಮಳೆಗಾಲ ಅರ್ಧ ಸಲೀಸಾಗುತ್ತದೆ. ಕೊಡೆ ಒಣಗಲು ಮಾತ್ರ ಬೇರೆ ಜಾಗ ನೋಡಿ. ಮೆಟ್ಟಿಲ ಮೇಲೆ ಬಿಚ್ಚಿಟ್ಟರೆ ಹತ್ತುವವರಿಗೂ ಇಳಿಯುವವರಿಗೂ ಅಡ್ಡ.