ಬೆಳಗಿನ ಐದು ಮಾತುಗಳು

ಅಂಬಲಮುಗಳ್ ಎಂದರೆ ಎಲ್ಲಿ ಬಂತು ಎಂದು ಊರ ಕಡೆಯವರು ಕೇಳಿದರೆ, ಕೊಚ್ಚಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಇರುವ ಊರು ಎಂದು ಹೇಳಿ ಮುಗಿಸುತ್ತೇವೆ. 1966ರಲ್ಲಿ ಆರಂಭವಾದ ಆ ಕಾರ್ಖಾನೆಯ ಜ್ವಾಲೆ ರಾತ್ರಿ ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೂ ಕಾಣುತ್ತದೆ. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರಾದ್ದರಿಂದ, ಗಾಳಿ ತಿರುಗಿದ ದಿನ ಬರುವುದು ಗಂಧಕದ ವಾಸನೆಯೆಂದು ಮನೆಯವರಿಗೆ ವಿವರಿಸುವ ಅಧಿಕಾರ ನಮಗಿದೆ. ಆ ಡಿಗ್ರಿಯಿಂದ ಈಗ ಉಳಿದಿರುವ ಪ್ರಯೋಜನ ಅದೊಂದೇ. ಮಿಕ್ಕಂತೆ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನಾವು ಗುಮಾಸ್ತರು.

ಬೆಳಿಗ್ಗೆ ಆರು ಗಂಟೆಗೆ ನಾವು, ನಮ್ಮಾಕೆ ಮತ್ತು ಮಗಳು ಬುದ್ಧನ ಪಟ ಹಾಗೂ ಬಾಬಾಸಾಹೇಬರ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಪಂಚಶೀಲ ಹೇಳುತ್ತೇವೆ. ಪಾಲಿಯಲ್ಲಿ ಐದೇ ಮಾತು. ಜೀವ ತೆಗೆಯುವುದಿಲ್ಲ, ಕೊಡದಿದ್ದುದನ್ನು ತೆಗೆದುಕೊಳ್ಳುವುದಿಲ್ಲ, ಕಾಮದಲ್ಲಿ ತಪ್ಪಿ ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲಿನ ಪದಾರ್ಥ ಮುಟ್ಟುವುದಿಲ್ಲ. ಎರಡು ನಿಮಿಷದ ಕೆಲಸ. ಕಷ್ಟವೆಲ್ಲ ಉಳಿದ ಇಪ್ಪತ್ತಮೂರು ಗಂಟೆ ಐವತ್ತೆಂಟು ನಿಮಿಷದ್ದು. ಮೊದಲನೆಯ ಶೀಲ ಎಷ್ಟು ಕಠಿಣವೆಂದು ಕೊಚ್ಚಿಯ ಸೊಳ್ಳೆಗಳನ್ನು ಬಲ್ಲ ಓದುಗರಿಗೆ ಹೇಳಬೇಕಾಗಿಲ್ಲ. ಮೀನಿನ ವಿಷಯವೂ ಇದೆ. “ಬುದ್ಧನ ಮುಂದೆ ದೀಪ ಹಚ್ಚೋರು ಮತ್ತಿ ಮೀನು ತಿನ್ನಬಹುದಾ?” ಎಂದು ಪಕ್ಕದ ಮನೆಯ ಚೇಚಿ ಒಮ್ಮೆ ಕೇಳಿಯೇಬಿಟ್ಟರು. “ಹಿಡಿದು ಕೊಂದೋರು ನಾವಲ್ಲ ಅಂತ ಸಮಾಧಾನ ಮಾಡ್ಕೋತೀವಿ ಚೇಚಿ” ಎಂದಳು ನಮ್ಮಾಕೆ, ತನಗೆ ಬಂದ ಅರ್ಧಂಬರ್ಧ ಮಲಯಾಳದಲ್ಲಿ. ಆ ಸಂಜೆಯೇ ಅವರ ಮನೆಯಿಂದ ಮೀನಿನ ಸಾರು ಬಂತು.

ಆದರೂ ಇಲ್ಲಿ ನಾವು ಒಂಟಿಯೇ. 2011ರ ಜನಗಣತಿಯಲ್ಲಿ ಇಡೀ ಕೇರಳದ ಬೌದ್ಧರ ಸಂಖ್ಯೆ ಐದು ಸಾವಿರವನ್ನೂ ಮುಟ್ಟಿರಲಿಲ್ಲ. ಹಾಗೆಂದು ಈ ನೆಲಕ್ಕೆ ಬುದ್ಧ ಹೊಸಬನೇನಲ್ಲ. ನಮ್ಮ ಜಿಲ್ಲೆಯ ಚೆರಾಯಿಯಲ್ಲಿ 1917ರಲ್ಲಿ ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದ ಸಹೋದರನ್ ಅಯ್ಯಪ್ಪನ್ ಅವರು ಬುದ್ಧನನ್ನು ಮೆಚ್ಚಿಕೊಂಡವರು. ಮಗನಿಗೆ ಸುಗತನ್ ಎಂದು ಹೆಸರಿಟ್ಟರು. ಆ ಊಟಕ್ಕಾಗಿ ಸ್ವಂತ ಜಾತಿಯವರೇ ಅವರನ್ನು ‘ಪುಲಯನ್ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಅವರು ಅದನ್ನೇ ಬಿರುದೆಂದು ಇಟ್ಟುಕೊಂಡರು. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ನಮ್ಮ ಸಂಘದವರ ಜೊತೆ ಅಕ್ಕಿ, ಹೊದಿಕೆ ಹೊತ್ತು ಒಂದು ಶಾಲೆಯ ಶಿಬಿರಕ್ಕೆ ಹೋಗಿದ್ದೆವು. ಗಂಜಿಯ ಸಾಲಿನಲ್ಲಿ ಯಾರ ಪಕ್ಕ ಯಾರು ಎಂದು ಒಬ್ಬರೂ ನೋಡುತ್ತಿರಲಿಲ್ಲ. ನಮಗೆ ಚೆರಾಯಿಯ ಪಂಕ್ತಿ ನೆನಪಾಯಿತು. ನೀರಿಳಿದು ಮನೆಗೆ ಹೋದಮೇಲೆ ಏನಾಯಿತೋ, ಅದು ಬೇರೆ ಮಾತು.

ನಮ್ಮ ತಂದೆಯವರು ಕೊಳ್ಳೇಗಾಲದ ಕಡೆಯವರು. ಬೆಂಗಳೂರಿನಲ್ಲಿ ಕೂಲಿಗೆ ಇದ್ದಾಗ ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಬುದ್ಧ ಪೂರ್ಣಿಮೆಯಂದು ಹೋಗುತ್ತಿದ್ದರು; ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ್ದು ಅದು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡ ವರ್ಷವೂ ಅದೇ. ಐದು ಮಾತುಗಳನ್ನು ಅಲ್ಲಿ ಕಲಿತು ಬಂದು ನಮಗೆ ಕಲಿಸಿದವರು ಅವರು. ಒಮ್ಮೆ ಅವರು ನಮ್ಮಲ್ಲಿಗೆ ಬಂದಾಗ ಅಂಬಲಪ್ಪುಳದ ಹತ್ತಿರದ ಕರುಮಾಡಿಗೆ ಕರೆದೊಯ್ದೆವು. ಅಲ್ಲಿ ಕಪ್ಪು ಕಲ್ಲಿನ ಬುದ್ಧನೊಬ್ಬ ಕುಳಿತಿದ್ದಾನೆ, ಎಡಭಾಗ ಒಡೆದುಹೋಗಿದೆ. ಊರಿನವರು ಅವನನ್ನು ಕರುಮಾಡಿಕ್ಕುಟ್ಟನ್ ಎನ್ನುತ್ತಾರೆ. ಕೊಚ್ಚಿ ಬಂದರು ಕಟ್ಟಿದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಇದನ್ನು ಕಾಪಾಡಿಸಿದನೆಂದು ಹೇಳುತ್ತಾರೆ. ತಂದೆಯವರು ಬಹಳ ಹೊತ್ತು ನಿಂತು ನೋಡಿದರು. ಬರುವಾಗ ಬಸ್ಸಿನಲ್ಲಿ, ನಾವು ಕೇಳದೆಯೇ, ಹೇಳಿದರು: “ನಿನ್ನ ಇಸ್ಕೂಲಿಗೆ ಸೇರಿಸುವಾಗ ಧರ್ಮ ಹಿಂದೂ ಅಂತ ಬರ್ಸ್ದೆ ಕಣಪ್ಪ. ಬೆಳಿಗ್ಗೆ ನಾಕನೇ ಶೀಲ ಹೇಳ್ಕಂಡೇ ಹೋಗಿ ಬರ್ಸ್ದೆ.”

ಕಾರಣವನ್ನು ಅವರು ಹೇಳಬೇಕಾಗಿರಲಿಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಬೌದ್ಧರಾದವರು ಪರಿಶಿಷ್ಟ ಜಾತಿಯ ಪಟ್ಟಿಗೆ ಸೇರುತ್ತಿರಲಿಲ್ಲ. ಸಿಖ್ಖರನ್ನು 1956ರಲ್ಲಿ ಸೇರಿಸಿದರು. ಬೌದ್ಧರು 1990ರವರೆಗೆ ಕಾಯಬೇಕಾಯಿತು. ನಾವು ಶಾಲೆಗೆ ಸೇರಿದ್ದು ಅದಕ್ಕೂ ಮೊದಲು. ಬೌದ್ಧ ಎಂದು ಬರೆಸಿದ್ದರೆ ವಿದ್ಯಾರ್ಥಿವೇತನವಿಲ್ಲ, ಹಾಸ್ಟೆಲ್ ಇಲ್ಲ, ಬಿ.ಎಸ್‌ಸಿ.ಯೂ ಬಹುಶಃ ಇಲ್ಲ. ಒಂದು ಸುಳ್ಳಿನ ಅನ್ನವನ್ನು ನಾವು ಈಗಲೂ ಉಣ್ಣುತ್ತಿದ್ದೇವೆ. ಅದನ್ನು ಬರೆಸಿದವರನ್ನು ದೂರುವ ಬಾಯಿ ನಮಗಿಲ್ಲ. ಹಾಗೆ ಬರೆಯಬೇಕಾದ ಸ್ಥಿತಿ ತಂದ ಆದೇಶದ ಮೇಲೆ ಮಾತ್ರ ಸಿಟ್ಟಿದೆ.

ಕಳೆದ ವರ್ಷ ಮಗಳನ್ನು ಎಂಟನೆಯ ತರಗತಿಗೆ ಹೊಸ ಶಾಲೆಗೆ ಸೇರಿಸಬೇಕಾಗಿ ಬಂತು. ಅರ್ಜಿಯ ಧರ್ಮದ ಜಾಗದಲ್ಲಿ ಪೆನ್ನು ನಿಂತಿತು. ಕಾನೂನಿನ ಅಡ್ಡಿ ಈಗಿಲ್ಲ. ಆದರೆ ನಮ್ಮ ಟಿ.ಸಿ., ಜಾತಿ ಪ್ರಮಾಣಪತ್ರ ಎಲ್ಲದರಲ್ಲೂ ಹಿಂದೂ ಎಂದಿದೆ. ಅಪ್ಪನದೊಂದು, ಮಗಳದೊಂದು ಆದರೆ ನಾಳೆ ಯಾವ ಮೇಜಿನ ಮುಂದೆ ನಿಂತು ವಿವರಣೆ ಕೊಡಬೇಕೋ! ಇಂಥ ವ್ಯತ್ಯಾಸವಿರುವ ಕಡತಕ್ಕೆ ‘ಸ್ಪಷ್ಟೀಕರಣ ಬೇಕು’ ಎಂದು ಬರೆದು ಹಿಂದಕ್ಕೆ ಕಳಿಸುವುದೇ ನಮ್ಮ ದಿನನಿತ್ಯದ ಉದ್ಯೋಗ. ಮಗಳು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. “ಅಪ್ಪಾ, ಸ್ಪೆಲಿಂಗ್ ಗೊತ್ತಿಲ್ವಾ?” ಎಂದಳು.

ಬೌದ್ಧ ಎಂದೇ ಬರೆದೆವು. ಶಾಲೆಯ ಗುಮಾಸ್ತರು ಓದಿ, ಕನ್ನಡಕದ ಮೇಲಿಂದ ನಮ್ಮನ್ನೊಮ್ಮೆ ನೋಡಿ, ಮೊಹರು ಹಾಕಿದರು. ಅಷ್ಟೇ.

ರಾತ್ರಿ ಊರಿಗೆ ಫೋನು ಮಾಡಿ ತಿಳಿಸಿದೆವು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗಿಂದಾಯ್ತು. ನಿಂದು?” ಎಂದರು.

ಹೊಸ ಪ್ರಮಾಣಪತ್ರ ಕೋರಿ ತಹಸೀಲ್ದಾರರಿಗೆ ಅರ್ಜಿ ಬರೆದಿಟ್ಟಿದ್ದೇವೆ. ಒಕ್ಕಣೆಯಲ್ಲಿ ತಪ್ಪಿಲ್ಲ, ಲಗತ್ತುಗಳೂ ಸರಿಯಾಗಿವೆ. ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ತಾರೀಖು ಮಾತ್ರ ಇನ್ನೂ ಹಾಕಿಲ್ಲ.